ನಟ್ಟಿ ಸಾಲು ಬಿಟ್ಟವಳು

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ನಮ್ಮ ಗದ್ದೆಗೆ ನಿಮ್ಮ ಮನೆಯ ಹೆಂಗಸು ಬಂದು ಸಸಿ ನೆಟ್ಟರೆ, ನಿಮ್ಮ ಗದ್ದೆಯ ದಿನ ನಮ್ಮ ಮನೆಯ ಹೆಂಗಸು ಬಂದು ನಿಲ್ಲಬೇಕು. ಕೂಲಿಯ ಮಾತಿಲ್ಲ, ಆಳಿಗೆ ಆಳು. ಮುಯ್ಯಿ ತಪ್ಪಿಸಿದ ಮನೆಗೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಸಸಿ ಮಡಿಯಲ್ಲೇ ಬಲಿತು ಹಾಳಾಗುತ್ತದೆ, ಗೇಣಿ ಒಡೆಯರ ಎದುರು ಗಂಡಸು ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಮದುವೆಯಾಗಿ ಬಂದ ಮೊದಲೆರಡು ವರ್ಷ ನಮ್ಮ ಮನೆಯ ಮುಯ್ಯಿಗೆ ನಾನೇ ಹೋಗುತ್ತಿದ್ದೆ. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯ ಅಷ್ಟೂ ಹಳ್ಳಿಗಳಲ್ಲಿ ಮಾಸ್ತಮ್ಮನ ಹಾಗೆ ಸಸಿ ಊರುವವರಿಲ್ಲ ಅಂತ ಹೆಸರು ಪಡೆದಿದ್ದೆ. ಆಮೇಲೆ ಆರು ವರ್ಷ ಹೋಗಲಿಲ್ಲ. ನನ್ನ ಬದಲು ನಾದಿನಿ ವರದಮ್ಮ ಹೋದಳು. ಅಷ್ಟರಲ್ಲಿ ಊರು ನನಗೆ ಬೇರೆ ಹೆಸರು ಇಟ್ಟಿತು. ಮೈಗಳ್ಳಿ, ಸೊಕ್ಕಿನವಳು, ತವರು ಮುಳುಗಿದ ಮೇಲೆ ತಲೆ ಕೆಟ್ಟವಳು. ನನ್ನ ತಲೆ ನೆಟ್ಟಗೇ ಇತ್ತು. ಕೆಟ್ಟದ್ದು ಬೇರೆ ಜಾಗ.

ಸುತ್ತುಬಳಸಿ ಹೇಳಿ ಹೇಳಿಯೇ ಆರು ವರ್ಷ ಹಾಳಾಯಿತು, ಈಗ ನೇರವಾಗಿ ಹೇಳುತ್ತೇನೆ. ನನಗೆ ಹೇಲು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಓದಿದವರು ಇದಕ್ಕೆ ಚೆಂದದ ಹೆಸರು ಇಟ್ಟಿರಬಹುದು. ಸೀರೆ ಒಗೆಯುವವಳಿಗೆ ಯಾವ ಹೆಸರಾದರೂ ಒಂದೇ. ಬಗ್ಗಿದರೆ ಹೋಗುತ್ತಿತ್ತು, ಕೆಮ್ಮಿದರೆ ಹೋಗುತ್ತಿತ್ತು, ಕೊಡ ಎತ್ತಿದರೆ ಹೋಗುತ್ತಿತ್ತು. ಬರುವುದು ಗೊತ್ತಾಗುತ್ತಿತ್ತು, ಹಿತ್ತಿಲು ಮುಟ್ಟುವಷ್ಟು ಹೊತ್ತು ಕೊಡುತ್ತಿರಲಿಲ್ಲ.

ಅರವತ್ತೊಂಬತ್ತನೇ ಇಸವಿಯ ಬೇಸಗೆಯಲ್ಲಿ ವರದಮ್ಮನ ಮದುವೆಯಾಯಿತು. ಮನೆಯಲ್ಲಿ ಉಳಿದ ಹೆಂಗಸರು ನಾನು, ನನ್ನ ಅತ್ತೆ ಗುತ್ಯಮ್ಮ, ಆರು ವರ್ಷದ ಮಗಳು ಪುಷ್ಪ. ಅತ್ತೆ ಸೂಲಗಿತ್ತಿ. ಸೂಲಗಿತ್ತಿಯನ್ನು ಯಾರೂ ಸಾಲಿಗೆ ಕರೆಯುವುದಿಲ್ಲ. ಯಾವ ಮನೆಯಲ್ಲಿ ಯಾವಾಗ ನೋವು ಶುರುವಾಗುತ್ತದೋ, ಅವಳ ಕೈ ಕೆಸರಾಗಿರಬಾರದು ಅಂತ ಊರೇ ಒಪ್ಪಿದ ಮಾತು. ಪುನರ್ವಸು ಮಳೆ ಹಿಡಿದಾಗ, ನಮಗೆ ಮುಯ್ಯಿ ಬಂದಿದ್ದ ಕೆರಿಯಮ್ಮನ ಗದ್ದೆಗೆ ಹೋಗಬೇಕಾದವಳು ನಾನೇ ಆದೆ.

"ನಂಗೆ ಆಗಲ್ಲ ಅತ್ತೆ," ಅಂದೆ.

"ಆಗಲ್ಲ ಅಂದ್ರೆ? ಅವ್ಳ ಮನೆಯೋರು ಮೂರು ಜನ ನಮ್ಮ ಗದ್ದೇಲಿ ನೆಟ್ಟು ಹೋಗವ್ರೆ. ಸ್ವಲ್ಪ ತಡ್ಕಂಡು ಮಾಡ್ಬೇಕಪ್ಪ. ಹೆಂಗಸಾದ್ಮೇಲೆ ತಡ್ಕಳ್ದೇ ಆಗ್ತದಾ?"

ಈ ತಡ್ಕೋ ಅನ್ನುವ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಹಿಂದಿನ ದಿನ ಮಧ್ಯಾಹ್ನವೇ ಊಟ ಬಿಟ್ಟೆ. ಹಳೆಯ ಸೀರೆ ಹರಿದು ದಪ್ಪಗೆ ಮಡಚಿ ಕಚ್ಚೆ ಬಿಗಿದೆ. ಗೊರಬು ಸೂಡಿಕೊಂಡು ಹೋದೆ. ಎಲೆಯ ಗೊರಬು ತಲೆಯಿಂದ ಸೊಂಟದವರೆಗೆ ಮಳೆ ತಡೆಯುತ್ತದೆ, ನನ್ನ ಕಷ್ಟ ಅದರ ಕೆಳಗಿನದು.

ನಟ್ಟಿಯಲ್ಲಿ ಹೆಂಗಸರು ಒಂದೇ ಸಾಲಾಗಿ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಊರುತ್ತಾರೆ. ಬದು ಮುಟ್ಟುವ ತನಕ ಯಾರೂ ಸಾಲು ಬಿಡಬಾರದು. ನಡುವೆ ಒಬ್ಬಳು ಎದ್ದು ಹೋದರೆ ಅಲ್ಲೊಂದು ಖಾಲಿ ಪಟ್ಟೆ ಬಿದ್ದು, ಆ ಗದ್ದೆಗೆ ಆ ವರ್ಷ ರೋಗ ಬೀಳುತ್ತದೆ ಅಂತ ನಂಬಿಕೆ. ನಾನು ಅರ್ಧ ಗದ್ದೆ ಚೆನ್ನಾಗಿಯೇ ನೆಟ್ಟೆ. ಪದ ಹೇಳುವವರ ಜೊತೆ ದನಿಯನ್ನೂ ಕೂಡಿಸಿದೆ. ಆಮೇಲೆ ಕೆಸರಿನಲ್ಲಿ ಹೂತ ಕಾಲು ಕಿತ್ತು ಹಿಂದಕ್ಕಿಡುವಾಗ ಆಗಬಾರದ್ದು ಆಯಿತು. ಬಟ್ಟೆ ತುಂಬಿತು, ತೊಡೆಗೆ ಇಳಿಯಿತು. ಪಕ್ಕದಲ್ಲಿದ್ದ ಕೆರಿಯಮ್ಮ ಮೂಗು ಎತ್ತಿದಳು.

"ಎಂತದೋ ವಾಸ್ನೆ ಮಾರಾಯ್ತಿ. ಬದೂನಾಗೆ ಎಂತಾರು ಸತ್ತು ಬಿದ್ದೈತಾ?"

ಪದ ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ನಾನು ಕೈಯಲ್ಲಿದ್ದ ಸಸಿ ಕಟ್ಟನ್ನು ಅಲ್ಲೇ ಬಿಟ್ಟು, ಸಾಲಿನಿಂದ ಎದ್ದು, ಯಾರ ಮುಖವನ್ನೂ ನೋಡದೆ ಹಳ್ಳದ ಕಡೆ ನಡೆದೆ. ಹಿಂದಿನಿಂದ ಕೆರಿಯಮ್ಮ, "ನಡುಗದ್ದೇಲಿ ಬಿಟ್ಟು ಹೋಗ್ತೀಯಲ್ಲೇ," ಅಂತ ಕೂಗಿದ್ದು ಕೇಳಿಸಿತು. ಹಳ್ಳದ ನೀರಿನಲ್ಲಿ ಸೊಂಟದವರೆಗೆ ಮುಳುಗಿ ಕುಳಿತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಯಾರ ಮೇಲೆ ಸಿಟ್ಟು ಅಂತ ನನಗೇ ಗೊತ್ತಾಗುತ್ತಿರಲಿಲ್ಲ, ಅದೇ ಇನ್ನೂ ಸಿಟ್ಟು ಬರಿಸುತ್ತಿತ್ತು.

ಇದು ಶುರುವಾದದ್ದು ಪುಷ್ಪ ಹುಟ್ಟಿದಾಗ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ನನ್ನ ತವರು ಶರಾವತಿ ದಂಡೆಯ ಊರು. ಲಿಂಗನಮಕ್ಕಿ ಕಟ್ಟೆ ಏಳುತ್ತಿತ್ತು, ನೀರು ಬರುತ್ತದೆ ಏಳಿ ಏಳಿ ಅಂತ ಸರ್ಕಾರ ಅವಸರ ಮಾಡುತ್ತಿತ್ತು. ನನಗೆ ದಿನ ತುಂಬಿದ ಹೊತ್ತಿಗೆ ಅಪ್ಪ ಮನೆಯ ಹಂಚು ಇಳಿಸುತ್ತಿದ್ದ. ಮಾಡು ಇಲ್ಲದ ಮನೆಗೆ ಬಸುರಿಯನ್ನು ಕಳಿಸುವುದು ಹೇಗೆ? ಗಂಡನ ಮನೆಯಲ್ಲೇ, ಅತ್ತೆಯ ಕೈಯಲ್ಲೇ ಹೆತ್ತೆ.

ಮಗು ದೊಡ್ಡದು, ಮುಖ ಮೇಲಾಗಿ ಬಂದು ಸಿಕ್ಕಿಕೊಂಡಿತ್ತು. ಅತ್ತೆ ಎಷ್ಟು ಪಾಡುಪಟ್ಟರು ಅಂತ ನನಗೆ ಮಾತ್ರ ಗೊತ್ತು. ಅವರಿಲ್ಲದಿದ್ದರೆ ತಾಯಿ ಮಗು ಇಬ್ಬರೂ ಅಂದೇ ಹೋಗುತ್ತಿದ್ದೆವು, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೆರಿಗೆಯಾದ ಮೇಲೆ ನನ್ನ ಎರಡೂ ಕಾಲು ಕೂಡಿಸಿ ಬಟ್ಟೆಯಿಂದ ಕಟ್ಟಿ, ಅಲುಗಬೇಡ ಅಂತ ಮಲಗಿಸಿದರು. ಬಿಸಿನೀರು ಹೊಯ್ದರು, ಹೊಗೆ ಹಿಡಿದರು, ಮೆಣಸು ಬೆಳ್ಳುಳ್ಳಿಯ ಬಾಣಂತಿ ಊಟ ಹಾಕಿದರು. ಕಟ್ಟು ಬಿಚ್ಚಿ ಎದ್ದು ನಿಂತ ದಿನ, ನಿಂತಲ್ಲೇ ಹೋಯಿತು. ಅತ್ತೆ ಏನೂ ಹೇಳದೆ ನೆಲ ಬಳಿದರು.

ಆಮೇಲೆ ನನ್ನ ಬದುಕು ಹಿತ್ತಿಲಿನಿಂದ ಹಳ್ಳಕ್ಕೆ, ಹಳ್ಳದಿಂದ ಹಿತ್ತಿಲಿಗೆ ಆಯಿತು. ಎಲ್ಲರೂ ಬಟ್ಟೆ ಒಗೆದು ಹೋದ ಮೇಲೆ ನಾನು ಇಳಿಯುವುದು. ಮದುವೆಮನೆ, ದೇವರ ಕಾರ್ಯ ಎಲ್ಲಾ ಬಿಟ್ಟೆ. ತಂಗಿಯ ಮದುವೆಗೂ ಹೋಗಲಿಲ್ಲ, ತವರಿನವರು ಮುಳುಗಡೆಯ ದುಃಖದಲ್ಲಿ ಅದನ್ನೂ ಒಂದು ದುಃಖ ಅಂತ ಸೇರಿಸಿಕೊಂಡರು. ಉಣ್ಣುವುದಕ್ಕೇ ಹೆದರಿಕೆ, ಉಂಡರೆ ತಾನೇ ಹೋಗುವುದು? ಮೈಯಲ್ಲಿ ಮೂಳೆ ಎದ್ದವು. ನನ್ನ ಗಂಡ (ಹೆಸರು ಹೇಳಬಾರದು ಅನ್ನುತ್ತಾರೆ, ಹೇಳಿದರೆ ಏನೂ ಆಗುವುದಿಲ್ಲ, ಹೂವಪ್ಪ) ಮೊದಲು ನನ್ನ ಪಕ್ಕ ಮಲಗುತ್ತಿದ್ದವರು ಒಳಗೆ ಸೆಖೆ ಅಂತ ಜಗಲಿಗೆ ಹೋದರು. ಮಾಗಿಯ ಚಳಿಯಲ್ಲೂ ಅವರಿಗೆ ಸೆಖೆ ಇಳಿಯಲಿಲ್ಲ.

ಅವರು ಕೆಟ್ಟವರಲ್ಲ. ಸಾಗರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಆದರೆ ನಮ್ಮಲ್ಲಿ ಡಾಕ್ಟರ ಎದುರು ಹೆಂಗಸು ಬಾಯಿ ಬಿಡುವುದಿಲ್ಲ, ಗಂಡನೇ ಹೇಳಬೇಕು. ಗಂಡನಿಗೆ ಹೆಂಡತಿ ಹೇಳಿರಬೇಕು. ನಾನು ಅವರಿಗೆ ಹೇಳಿದ್ದು "ಹೊಟ್ಟೆ ಸರಿ ಇಲ್ಲ" ಅಂತ. ಅದಕ್ಕಿಂತ ಕೆಳಗಿನದನ್ನು ಹೇಳಲು ನಾಲಿಗೆ ಏಳಲಿಲ್ಲ. ಅವರು ಡಾಕ್ಟರಿಗೆ ಹೇಳಿದ್ದು ಇನ್ನೂ ಚೆಂದ.

"ಇವ್ಳಿಗೆ ಹೊಟ್ಟೆ ನಿಲ್ಲಲ್ಲ ಸಾರ್."

"ಭೇದಿಯಾ?"

"ಹಂಗೇ ಅನ್ನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಾನು ಪಕ್ಕದಲ್ಲೇ ಸೆರಗು ಹೊದ್ದು ನಿಂತಿದ್ದೆ. ಡಾಕ್ಟರು ನನ್ನ ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಕಟ್ಟುವ ಗುಳಿಗೆ ಕೊಟ್ಟರು. ನಾಲಿಗೆ ನೋಡಿದರೆ ಆ ತುದಿಯ ಸಂಗತಿ ಹೇಗೆ ಗೊತ್ತಾಗಬೇಕು? ಗುಳಿಗೆ ಸಾಲದು ಅಂತ ಮನೆಯಲ್ಲಿ ಅತ್ತೆಯ ದಾಳಿಂಬೆ ಸಿಪ್ಪೆಯ ಕಷಾಯ, ಬಾಳೆಕಾಯಿ ಪಲ್ಯ. ಕಟ್ಟಿತು, ಸುಳ್ಳಲ್ಲ. ಕಟ್ಟಿದ್ದು ಒಳಗೆ ಕಲ್ಲಾಯಿತು. ಸೋರುವುದು ಮಾತ್ರ ನಿಲ್ಲಲಿಲ್ಲ, ಹೆಚ್ಚಾಯಿತು. ಮತ್ತೆ ಸಾಗರ, ಮತ್ತೆ ಗುಳಿಗೆ. ದೇವರ ಹೇಳಿಕೆ ಕೇಳಿಸಿದ್ದೂ ಆಯಿತು. ಯಾವುದೋ ಹಳ್ಳ ದಾಟುವಾಗ ಸೋಕಿದೆ ಅಂದರು. ಆರು ವರ್ಷ ನಾನು ಹಳ್ಳದಲ್ಲೇ ಇದ್ದೆ, ಸೋಕದೆ ಇರುತ್ತದೆಯೇ?

ಕೆರಿಯಮ್ಮನ ಗದ್ದೆಯಿಂದ ಎದ್ದು ಬಂದ ಮರುದಿನ ಗೇಣಿ ಒಡೆಯರ ಮನೆಗೆ ಹಾಲು ಕೊಡಲು ಹೋಗಿದ್ದೆ. ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಒಡೆಯರ ಸೊಸೆ ಮಹಾಲಕ್ಷ್ಮಮ್ಮ ನನ್ನನ್ನು ಕೊಟ್ಟಿಗೆಯ ಹತ್ತಿರ ಕರೆದು ಮೆಲ್ಲಗೆ ಕೇಳಿದಳು.

"ಎಂತ ಆಗ್ತದೆ ಮಾಸ್ತಿ ನಿಂಗೆ? ಸರಿಯಾಗಿ ಹೇಳು ನೋಡನ."

ನಾನು ಹೇಳಲಿಲ್ಲ. ಅಳು ಬಂತು. ಅವಳು ಮತ್ತೆ ಕೆದಕಲಿಲ್ಲ. ತೀರ್ಥಹಳ್ಳಿಯಲ್ಲಿ ಹೊಳೆ ಕಡೆ ಇಳಿಯುವ ರಸ್ತೆಯಲ್ಲಿ ಒಬ್ಬರು ಲೇಡಿ ಡಾಕ್ಟರು ಆಸ್ಪತ್ರೆ ಇಟ್ಟಿದ್ದಾರೆ, ಗಂಡಸರನ್ನು ಬಾಗಿಲ ಹೊರಗೇ ನಿಲ್ಲಿಸುತ್ತಾರೆ, ಹೆಂಗಸರ ಹತ್ತಿರವೇ ಕೇಳುತ್ತಾರೆ ಅಂದಳು. ತನ್ನ ಹೆರಿಗೆಯೂ ಅಲ್ಲೇ ಆದದ್ದಂತೆ.

ಮನೆಗೆ ಬಂದು ಹೂವಪ್ಪನಿಗೆ ಹೇಳಿದೆ. ಅವರು ನೇಗಿಲು ಕಟ್ಟುತ್ತಿದ್ದರು.

"ನಟ್ಟಿ ಮುಗೀಲಿ. ಹೋಗನ."

"ನಟ್ಟಿ ಮುಗಿದ್ರೆ ಕಳೆ ಅಂತೀರಿ. ಕಳೆ ಮುಗಿದ್ರೆ ಕೊಯ್ಲು, ಆಮೇಲೆ ಒಡೇರ ಮನೆ ಅಡಿಕೆ ಕೊನೆ ಕೊಯ್ಲು. ಹೊಟ್ಟೆ ಸರಿ ಇಲ್ದೇ ಇರೋಕೆ ಯಾವ ತಿಂಗಳು ಬಿಡುವು ಅಂತ ಹೇಳಿ, ಆವಾಗ್ಲೇ ಕಾಯಿಲೆ ಬರಿಸ್ಕಳ್ತೀನಿ."

"ಮುಯ್ಯಿ ಇನ್ನೂ ನಾಲ್ಕು ಗದ್ದೆಗೆ ಐತಲ್ಲೇ."

"ತೀರ್ಥಹಳ್ಳಿಗೆ ಹೋಗದೇ ನಾನು ಸಾಲಿಗೆ ಕಾಲಿಡಲ್ಲ. ಹೊಡೀರಿ ಬೇಕಾದ್ರೆ."

ಅವರು ಹೊಡೆಯುವ ಜಾತಿಯವರಲ್ಲ. ನೇಗಿಲು ಬಿಟ್ಟು ತಲೆ ಕೆರೆದುಕೊಂಡರು. ಒಲೆ ಮುಂದೆ ಕುಳಿತಿದ್ದ ಅತ್ತೆ, "ನಾನೂ ಬತ್ತೀನಿ. ಹೆಂಗಸರ ಕೋಣೆಗೆ ಇವ್ನು ಹೋಗೋಕಾಗಲ್ಲ," ಅಂದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗಂಡಸನ್ನು ಹೊರಗೆ ನಿಲ್ಲಿಸುವ ಒಬ್ಬರು ಡಾಕ್ಟರು ಸಿಕ್ಕರೆ, ಒಳಗೆ ಬರಲು ಅತ್ತೆ ತಯಾರು. ಹೆರಿಗೆಯ ಮಾತು ಅತ್ತೆಯ ಎದುರು ಎತ್ತುವುದು ಹೇಗೆ? ಹೆರಿಗೆ ಮಾಡಿಸಿದ ಕೈ ಅದೇ.

ಬಸ್ಸು ಹತ್ತಲಾರದವಳ ಔಷಧಿ ಬಸ್ಸಿನ ಆ ತುದಿಯಲ್ಲಿತ್ತು. ಹಿಂದಿನ ದಿನ ಬೆಳಗ್ಗೆಯಿಂದ ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಆದರೂ ಗುಂಡಿ ರಸ್ತೆಯ ಒಂದೊಂದು ಏಟಿಗೂ ಜೀವ ಬಾಯಿಗೆ ಬರುತ್ತಿತ್ತು. ಕೋಣಂದೂರು ಮುಟ್ಟುವ ಮುಂಚೆ ತಡೆಯದಾಯಿತು. ಪಕ್ಕದ ಸೀಟಿನವನು ಕಿಟಕಿಯ ಟಾರ್ಪಾಲು ಎತ್ತಿದ, ಮಳೆ ಒಳಗೆ ಬಂದರೂ ಇಳಿಸಲಿಲ್ಲ. ಕಂಡಕ್ಟರು ನನ್ನ ಕಡೆ ನೋಡಿ, "ಇಳಿಸಿಬಿಡ್ಲಾ?" ಅಂತ ಹೂವಪ್ಪನನ್ನು ಕೇಳಿದ. ನನ್ನನ್ನು ಕೇಳಲಿಲ್ಲ. ನಾನೇ ಎದ್ದು ಕೋಣಂದೂರಿನಲ್ಲಿ ಇಳಿದೆ.

ಅತ್ತೆ ನನ್ನ ಕೈ ಹಿಡಿದು ಪೇಟೆಯ ಹಿಂದಿನ ಕೆರೆಗೆ ಕರೆದುಕೊಂಡು ಹೋದರು. ಗಂಟಿನಿಂದ ಬೇರೆ ಸೀರೆ ತೆಗೆದುಕೊಟ್ಟು, ನಾನು ತೊಳೆದುಕೊಳ್ಳುವ ತನಕ ದಾರಿಗೆ ಅಡ್ಡ ನಿಂತರು. ಮುಂದಿನ ಬಸ್ಸಿಗೆ ಕಾಯುವಾಗ ಹೂವಪ್ಪ ಹೋಟೆಲಿನಿಂದ ಕಾಫಿ ತಂದರು. ನಾನು ಬೇಡ ಅಂದೆ. ಅತ್ತೆಯೂ ಬೇಡ ಅಂದರು.

ಲೇಡಿ ಡಾಕ್ಟರು ಗಟ್ಟಿ ಮೈಯ, ಕನ್ನಡಕದ ಹೆಂಗಸು. ಮೈಸೂರಿನ ಕಡೆಯ ಮಾತು. ಹೂವಪ್ಪ ಒಳಗೆ ಬಂದು, "ಇವ್ಳಿಗೆ ಹೊಟ್ಟೆ," ಅಂತ ಶುರು ಮಾಡಿದರು.

"ನೀವು ಹೊರಗೆ ಕೂತಿರಿ. ಹೊಟ್ಟೆ ಇರೋದು ಅವಳಿಗೆ ತಾನೆ? ಅವಳೇ ಹೇಳ್ತಾಳೆ."

ಬಾಗಿಲು ಮುಚ್ಚಿತು. ಅವಳೇ ಹೇಳುತ್ತಾಳೆ ಅಂದರು, ನಾನು ಹೇಳಲಿಲ್ಲ. ಗೋಡೆಯ ಪಕ್ಕ ಅತ್ತೆ ಕುಳಿತಿದ್ದರಲ್ಲ. ಡಾಕ್ಟರು ತಾವೇ ಕೇಳತೊಡಗಿದರು. ಗಾಳಿ ತಡೆಯಲು ಆಗುತ್ತದೆಯೇ? ತೆಳುವಾದಾಗ ಮಾತ್ರ ಹೋಗುತ್ತದೆಯೋ, ಗಟ್ಟಿಯಾದರೂ ಹೋಗುತ್ತದೆಯೋ? ಗೊತ್ತಾಗದೇ ಹೋಗುತ್ತದೆಯೋ, ಗೊತ್ತಾಗಿಯೂ ತಡೆಯಲು ಆಗುವುದಿಲ್ಲವೋ? ಬಟ್ಟೆ ಕಟ್ಟುತ್ತೀಯಾ? ಊಟ ಬಿಡುತ್ತೀಯಾ? ಗಂಡನ ಹತ್ತಿರ ಮಲಗುತ್ತೀಯಾ?

ಒಂದೊಂದಕ್ಕೂ ತಲೆ ಆಡಿಸುತ್ತ ಹೋದೆ. ನನ್ನ ಮನೆಯೊಳಗೆ ಕುಳಿತು ನೋಡಿದವರ ಹಾಗೆ ಕೇಳುತ್ತಿದ್ದರು. ಈ ಪ್ರಶ್ನೆಗಳು ಲೋಕದಲ್ಲಿ ಇವೆ ಅಂದಮೇಲೆ, ಇಂಥ ಹೆಂಗಸರು ನಾನಲ್ಲದೆ ಇನ್ನೂ ಇದ್ದಾರೆ ಅಂತಾಯಿತಲ್ಲ. ಅದು ಹೊಳೆದಾಗ ಸಮಾಧಾನಕ್ಕಿಂತ ಮುಂಚೆ ಹೊಟ್ಟೆಕಿಚ್ಚು ಬಂತು. ಅವರನ್ನೆಲ್ಲ ಮೊದಲೇ ಯಾರೋ ಕೇಳಿದ್ದರು, ನನ್ನನ್ನು ಕೇಳಲು ಆರು ವರ್ಷ.

ಆಮೇಲೆ ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ ಪರೀಕ್ಷೆ ಮಾಡಿದರು. ನಾಚಿಕೆಯಿಂದ ಗೋಡೆ ನೋಡುತ್ತಿದ್ದೆ.

"ನನ್ನ ಬೆರಳನ್ನ ಬಿಗಿ ಹಿಡಿ. ತಡೆದುಕೊಳ್ಳೋ ಹಾಗೆ."

ಹಿಡಿದೆ. ಹಲ್ಲು ಕಚ್ಚಿ, ಮುಷ್ಟಿ ಕಟ್ಟಿ ಹಿಡಿದೆ.

"ಹಿಡಿ."

"ಹಿಡ್ದಿದೀನಿ ಅಮ್ಮ."

ಅವರು ಕೈ ತೊಳೆದು ಬಂದು ನನ್ನನ್ನು ಎಬ್ಬಿಸಿ ಕೂರಿಸಿದರು. "ಎಲೆ ಅಡಿಕೆ ಸಂಚಿಯ ಬಾಯಿಗೆ ದಾರ ಪೋಣಿಸಿರ್ತಾರಲ್ಲ, ಎಳೆದರೆ ಮುಚ್ಚುತ್ತೆ. ನಮ್ಮ ಮೈಯಲ್ಲೂ ಅಲ್ಲಿ ಸುತ್ತಲೂ ಹಾಗೇ ಒಂದು ಸ್ನಾಯು ಇದೆ. ನಿಂದು ಹೆರಿಗೆಯಲ್ಲಿ ಮುಂದುಗಡೆ ಹರಿದಿದೆ. ತುದಿ ಎರಡೂ ದೂರ ಸರಿದುಹೋಗಿವೆ. ನೀನು ಎಷ್ಟು ಬಿಗಿದರೂ ಎಳೆಯೋಕೆ ಅಲ್ಲಿ ದಾರವೇ ಇಲ್ಲ. ಅದರ ಮೇಲೆ ಕಟ್ಟೋ ಗುಳಿಗೆ ಬೇರೆ ನುಂಗಿದೀಯ. ಒಳಗೆಲ್ಲ ಕಲ್ಲು ಕಟ್ಟಿದೆ, ಅದರ ಪಕ್ಕದಿಂದ ತೆಳ್ಳಗೆ ಸೋರ್ತಿದೆ. ಅದು ಭೇದಿ ಅಲ್ಲ."

ತಡ್ಕೋ, ತಡ್ಕೋ ಅಂತ ಆರು ವರ್ಷ ಎಲ್ಲರೂ ಹೇಳಿದ್ದರು. ನಾನೂ ನನಗೆ ಹೇಳಿಕೊಂಡಿದ್ದೆ. ನನ್ನಲ್ಲೇ ಏನೋ ಸಡಿಲ, ಮನಸ್ಸೇ ಗಟ್ಟಿ ಇಲ್ಲ ಅಂತ ಎಷ್ಟು ಸಲ ನನ್ನ ತೊಡೆ ನಾನೇ ಚಿವುಟಿಕೊಂಡಿದ್ದೆನೋ.

"ಹೊಲಿದು ಕೂಡಿಸಬಹುದು," ಅಂದರು ಡಾಕ್ಟರು. "ಪೂರ್ತಿ ಮೊದಲಿನ ಹಾಗೇ ಆಗುತ್ತೆ ಅಂತ ಮಾತು ಕೊಡಲ್ಲ. ಆದರೆ ಬಸ್ಸು ಹತ್ತಬಹುದು, ಗದ್ದೆಗೆ ಇಳೀಬಹುದು. ಮುಂದಿನ ಹೆರಿಗೆ ಮಾತ್ರ ಮನೇಲಿ ಬೇಡ. ಈ ಹೆರಿಗೆ ಯಾರು ಮಾಡಿಸಿದ್ದು?"

ನಾನು ಬಾಯಿ ತೆರೆದೆ. "ಒಬ್ಳು ಸೂಲಗಿತ್ತಿ. ತೀರಿಕೊಂಡ್ಲು," ಅಂದೆ. ಯಾಕೆ ಹಾಗಂದೆನೋ.

"ನಾನು ತೀರಿಕೊಂಡಿಲ್ಲ," ಅಂದರು ಅತ್ತೆ. "ನಾನೇ ಮಾಡ್ಸಿದ್ದು."

ಡಾಕ್ಟರು ಬೈಯಲಿಲ್ಲ. ಅಂಥ ಮಗು ಆಸ್ಪತ್ರೆಯಲ್ಲಿ ಹುಟ್ಟಿದರೂ ಹರಿಯಬಹುದು, ಆದರೆ ಆಗಲೇ ನೋಡಿ ಹೊಲಿಯುತ್ತೇವೆ ಅಂದರು. "ಹರಿದದ್ದು ನಿಮಗೆ ಕಂಡಿರಲಿಲ್ಲವಾ ಅಜ್ಜಿ?"

"ಕಂಡಿತ್ತು. ಕಾಲು ಕೂಡಿಸಿ ಕಟ್ದೆ. ಕೂಡ್ಕಳ್ತದೆ ಅಂದ್ಕಂಡೆ."

"ಕೂಡಲಿಲ್ಲ ಅಂತ ಗೊತ್ತಾದ ಮೇಲಾದರೂ ಯಾಕೆ ಹೇಳಲಿಲ್ಲ?"

"ಎಲ್ರಿಗೂ ಹಂಗೇ ಅಂದ್ಕಂಡಿದ್ದೆ. ಹೆತ್ತ ಮೇಲೆ ಹೆಂಗಸಿನ ಮೈ ಹಂಗೇ ಅಂತ."

"ಎಲ್ಲರಿಗೂ ಅಂದರೆ ಯಾರಿಗೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು.

"ನಂಗೆ," ಅಂದರು.

ಹೂವಪ್ಪ ಹುಟ್ಟಿದಾಗಿನಿಂದ ಹಾಗೆಯಂತೆ. ಅತ್ತೆಯ ಹೆರಿಗೆ ಮಾಡಿಸಿದವಳೂ ಕಾಲು ಕಟ್ಟಿ, ಕೂಡುತ್ತದೆ ಅಂದಿದ್ದಳಂತೆ. ಸಾಲಿನಲ್ಲಿ ನಿಲ್ಲಲು ಆಗದೆ, ಅವಳ ಹಿಂದೆ ಹಿಂದೆ ಹೋಗಿ ಕೆಲಸ ಕಲಿತು ತಾವೂ ಸೂಲಗಿತ್ತಿಯಾದರಂತೆ. ಸೂಲಗಿತ್ತಿಯನ್ನು ಯಾರೂ ನಟ್ಟಿಗೆ ಕರೆಯುವುದಿಲ್ಲವಲ್ಲ. ಇಷ್ಟನ್ನು ನೆಲ ನೋಡುತ್ತ ಹೇಳಿದರು.

ನನಗೆ ಅಯ್ಯೋ ಅನ್ನಿಸಲಿಲ್ಲ ಮೊದಲು. ಮೈ ಉರಿದುಹೋಯಿತು. ಒಂದೇ ಮಾಡಿನ ಕೆಳಗೆ ಇಬ್ಬರು ಹೆಂಗಸರು, ಒಂದೇ ಹಳ್ಳಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಕದ್ದು ಇಳಿದವರು. ಈಕೆ ತಾನು ಉಪಾಯವಾಗಿ ಸಾಲು ತಪ್ಪಿಸಿಕೊಂಡು, ನನಗೆ ಮಾತ್ರ ತಡ್ಕೋ ಅಂದರಲ್ಲ. ಕಿರುಚಬೇಕು ಅಂತ ತಿರುಗಿದೆ. ಅವರ ತುಟಿ ಒಣಗಿ ಬಿಳಿಚಿತ್ತು. ಹಿಂದಿನ ದಿನದಿಂದ ಅವರೂ ಏನೂ ತಿಂದಿಲ್ಲ ಅಂತ ಆಗ ಗೊತ್ತಾಯಿತು.

"ಹತ್ತಿ ಅಜ್ಜಿ ಮಂಚ. ನಿಮ್ಮನ್ನೂ ನೋಡ್ತೀನಿ," ಅಂದರು ಡಾಕ್ಟರು.

"ಬ್ಯಾಡ. ಮುದುಕಿ ಮೈಗೆ ಎಂತ ಹೊಲಿಗೆ? ಇವ್ಳದ್ದು ಸರಿ ಮಾಡಿ." ಆಮೇಲೆ ನನ್ನ ಕಡೆ ತಿರುಗಿ, "ಹೂವಂಗೆ ಹೇಳ್ಬ್ಯಾಡ. ಮಗಂಗೆ ಹೇಳೋ ಮಾತಲ್ಲ ಇದು," ಅಂದರು. ನಾನು ಆಯಿತು ಅಂದೆ.

ಇವತ್ತೇ ಸೇರಿಕೊಳ್ಳಬೇಕು, ಕಟ್ಟಿದ್ದನ್ನೆಲ್ಲ ಮೊದಲು ತೆಗೆದು ಆಮೇಲೆ ಆಪರೇಶನ್, ಮೂರು ನಾಲ್ಕು ವಾರ ಬೇಕು ಅಂತ ಡಾಕ್ಟರು ಹೊರಗೆ ಬಂದು ಹೇಳಿದಾಗ ಹೂವಪ್ಪನ ಮುಖ ಇಳಿಯಿತು.

"ಎಂತ ಕಾಯಿಲೆ?"

"ಹೆಂಗಸರದ್ದು," ಅಂದರು ಅತ್ತೆ.

"ಈಗ್ಲೇ ಆಗ್ಬೇಕಾ? ನಾಲ್ಕು ಗದ್ದೆ ಮುಯ್ಯಿ ಹಂಗೇ ಐತೆ. ದೀಪಾವಳಿ ಕಳೀಲಿ ಅಂದ್ರೆ..."

ಆ ಬಾಗಿಲಿನಿಂದ ಹೊರಗೆ ಹೋದರೆ ಮತ್ತೆ ಒಳಗೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಇವ್ಳು ಇಲ್ಲೇ ಇರ್ಲಿ. ಸಾಲಿಗೆ ನಾನು ಇಳೀತೀನಿ," ಅಂದರು ಅತ್ತೆ.

"ನೀನಾ? ಸೂಲಗಿತ್ತಿ ಸಾಲಿಗೆ ಇಳೀತಾಳಾ?"

"ಇಳೀಬಾರ್ದು ಅಂತ ಯಾರು ಬರ್ದಿಟ್ಟವ್ರೆ?"

ನಾನು ಅತ್ತೆಯ ಮುಖ ನೋಡಿದೆ. ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಆರು ವರ್ಷದ ಮೇಲೆ ಒಂದು ಬಾಗಿಲು ತೆರೆದಿದ್ದಾಗ ಬೇಡ ಅನ್ನುವಷ್ಟು ಒಳ್ಳೆಯವಳು ನಾನಾಗಿರಲಿಲ್ಲ. ಅವರಿಬ್ಬರೂ ಪೇಟೆ ಕಡೆ ನಡೆದರು. ಅತ್ತೆ ತಿರುಗಿ ನೋಡಲಿಲ್ಲ.

ಆಸ್ಪತ್ರೆಯ ಮಾತು ಹೆಚ್ಚು ಹೇಳುವುದಿಲ್ಲ. ಎನಿಮಾ ಕೊಟ್ಟು ಕೊಟ್ಟು ಒಳಗಿನ ಕಲ್ಲು ಕರಗಿಸಿದರು. ಬರೀ ಗಂಜಿ ತಿಳಿ ಕುಡಿಸಿದರು. ಆಪರೇಶನ್ ಆಯಿತು. ಅಲುಗಬೇಡ, ಕೂರಬೇಡ, ತಿಣುಕಬೇಡ ಅಂದರು. ನೋವಿಗಿಂತ ಹೆದರಿಕೆ ದೊಡ್ಡದು. ಮೊದಲ ಸಲ ಹೊರಕಡೆಗೆ ಹೋಗಬೇಕು ಅನ್ನಿಸಿದಾಗ ಏನಾಗುತ್ತದೋ? ಆ ದಿನ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಹೂವಪ್ಪ ಬಂದರು.

ಕಂಬಳಿ ಕೊಡವಿ ಬಾಗಿಲ ಹತ್ತಿರ ಇಟ್ಟು, ಮಂಚದ ಪಕ್ಕ ನಿಂತರು. ಪುಷ್ಪ ಚೆನ್ನಾಗಿದ್ದಾಳೆ ಅಂದರು. ಎಮ್ಮೆ ಕರು ಹಾಕಿತು ಅಂದರು. ಆಮೇಲೆ ಮುಖ ಸಪ್ಪೆ ಮಾಡಿಕೊಂಡರು.

"ಅಮ್ಮ ಎರಡು ಗದ್ದೆ ಹೆಂಗೋ ನೆಟ್ಲು. ಮೂರ್ನೇದ್ರಲ್ಲಿ ನಡುವೇನೇ ಎದ್ದು ಹೋದ್ಲು. ನಮ್ಮ ಮನೇದೇ ಇದು ಎರಡ್ನೇ ಸಲ ಅಂತ ಎಲ್ರೂ ಆಡ್ಕಳ್ತಾ ಅವ್ರೆ. ಹಳ್ಳದಲ್ಲಿ ಹೋಗಿ ಕೂತಿದ್ಲು, ಕರೆದ್ರೆ ಬರಲ್ಲ. ಮನೆಗೆ ಬಂದ್ಮೇಲೂ ಮಾತಿಲ್ಲ, ಊಟ ಇಲ್ಲ. ನಾಳೆ ಮತ್ತೆ ಕೊನೇ ಗದ್ದೆಗೆ ಇಳೀತೀನಿ ಅಂತಾಳೆ."

"ಎಂತ ಆಗ್ತದಂತೆ?"

"ವಯಸ್ಸಾತಲ್ಲ. ಹೊಟ್ಟೆ ಸರಿ ಇಲ್ಲ ಅಂದ್ಲು. ನಾಡಿದ್ದು ಸಾಗರಕ್ಕೆ ಹೋಗಿ ಆ ಡಾಕ್ಟ್ರ ಹತ್ರ ಗುಳಿಗೆ ತರ್ತೀನಿ."

ಅತ್ತೆಗೆ ಕೊಟ್ಟ ಮಾತು ನೆನಪಿತ್ತು. ಮಾತಿಗೆ ತಪ್ಪಿದರೆ ಅವರು ಮತ್ತೆ ನನ್ನ ಮುಖ ನೋಡುವುದಿಲ್ಲ ಅಂತಲೂ ಗೊತ್ತಿತ್ತು. ಆದರೆ ಆ ಗುಳಿಗೆಯ ಹೆಸರು ಕೇಳಿದ ಮೇಲೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಹೊಟ್ಟೆ ಅಲ್ಲ," ಅಂದೆ. "ನಿಮ್ಮಮ್ಮಂಗೆ ಹೇಲು ತಡ್ಕಳೋಕೆ ಆಗಲ್ಲ. ನಂಗೂ ಅದೇ ಆಗಿದ್ದು, ಅದಕ್ಕೇ ಇಲ್ಲಿ ಹೊಲ್ದಿದಾರೆ. ನಂದು ಪುಷ್ಪನ್ನ ಹೆರೋವಾಗ ಹರೀತು. ಅವ್ರದ್ದು ನಿಮ್ಮನ್ನ ಹೆರೋವಾಗ ಹರೀತು. ನೀವು ಹುಟ್ಟಿದಾಗಿಂದ ಅವ್ರು ಹಿಂಗೇ ಬದುಕ್ತಾ ಅವ್ರೆ. ಹಂಗಿದ್ದೂ ನನ್ನ ಜಾಗಕ್ಕೆ ಇಳಿದ್ರು."

ಆಚೆ ಮಂಚದ ಬಾಣಂತಿ ತಲೆ ಎತ್ತಿ ನೋಡಿದಳು. ನೋಡಲಿ ಅಂತ ದನಿ ತಗ್ಗಿಸಲಿಲ್ಲ.

ಹೂವಪ್ಪ ಕಿಟಕಿ ನೋಡಿದರು, ತಮ್ಮ ಕಾಲು ನೋಡಿದರು. ಅವರ ಕಣ್ಣು ತುಂಬಿದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದೆ. ನನಗೆ ಕರುಣೆ ಬಂತು, ಆದರೂ ಸಿಟ್ಟು ಇಳಿಯಲಿಲ್ಲ.

"ಗುಳಿಗೆ ತರಬ್ಯಾಡಿ. ನಾಳೆ ಮೊದಲ್ನೇ ಬಸ್ಸಿಗೆ ಅವ್ರನ್ನ ಕರ್ಕಂಡು ಬನ್ನಿ."

"ನಾಳೆ ಗದ್ದೆ..." ಅಂದವರು ಅಲ್ಲಿಗೇ ನಿಲ್ಲಿಸಿದರು. ಕಂಬಳಿ ತೆಗೆದುಕೊಂಡು ತಲೆಗೆ ಹಾಕಿ, ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದರು.

"ಡಾಕ್ಟ್ರಿಗೆ ನಾನು ಎಂತ ಅಂತ ಹೇಳ್ಲಿ?"

"ನೀವು ಬಾಗಿಲ ಹೊರಗೆ ಕೂತ್ಕಳಿ," ಅಂದೆ.